ಕೊಟ್ಟವರ ಹೆಸರು

ಸಣ್ಣಯ್ಯ ಸತ್ತದ್ದು ಕಲ್ಲಿನ ದೂಳು ಕುಡಿದು. ಕ್ರಷರಿನವರು ಕರೆತಂದ ಡಾಕ್ಟರು ಮಾತ್ರ ಬೀಡಿ ಸೇದಿ ಎದೆ ಕೆಟ್ಟು ಸತ್ತ ಎಂದು ಬರೆದುಕೊಟ್ಟ. ಸಣ್ಣಯ್ಯ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಅವನ ಹೆಂಡತಿ ಮುತ್ತಮ್ಮ ಇದನ್ನು ಹೇಳಿದಾಗ ಡಾಕ್ಟರು ತಲೆಯನ್ನೂ ಎತ್ತಲಿಲ್ಲ. ಬರೆದದ್ದನ್ನು ಮಡಿಚಿ ಕ್ರಷರಿನ ಸೂಪರ್‌ವೈಸರ್ ಮಂಜುನಾಥನ ಕೈಗೆ ಕೊಟ್ಟು ಕಾರು ಹತ್ತಿದ.

ತಿಥಿ ಮುಗಿದ ಮಾರನೆಯ ದಿನವೇ ಮುತ್ತಮ್ಮ ಮತ್ತೆ ಬಾಂಡ್ಲಿ ಹೊತ್ತಳು. ಹೊರದೆ ಇದ್ದರೆ ಒಲೆ ಉರಿಯುವುದಿಲ್ಲ.

ಚಿನಕುರಳಿಯಿಂದ ಒಳಗೆ ಸರಿದರೆ ಕರಿಬೋರೆ ಕೊಪ್ಪಲು. ಊರಿನ ಮಗ್ಗುಲಲ್ಲಿ ಒಂದು ಕಾಲಕ್ಕೆ ಗುಡ್ಡ ಇತ್ತು. ಈಗ ಗುಡ್ಡದ ಜಾಗದಲ್ಲಿ ಗುಂಡಿ ಇದೆ. ಗುಂಡಿಯ ದಡದಲ್ಲಿ ಚಲುವರಾಜು ಗೌಡರ ಕ್ರಷರ್ ಇದೆ. ಕ್ರಷರಿನ ಆಚೆಗೆ, ಗಾಳಿ ಬೀಸುವ ದಿಕ್ಕಿಗೆ ಸರಿಯಾಗಿ, ಭೋವಿ ಕಾಲೋನಿ. ಅಲ್ಲಿ ಒಣಹಾಕಿದ ಸೀರೆ ಸಂಜೆಗೆ ಬಿಳಿಯಾಗುತ್ತದೆ. ಅನ್ನದ ಮೇಲೆ ಮುಚ್ಚಿದ ತಟ್ಟೆಯನ್ನು ಒರೆಸಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಮಕ್ಕಳು ಬರೆಯುವುದಕ್ಕೆ ಮುಂಚೆಯೇ ಕೆಮ್ಮುವುದನ್ನು ಕಲಿಯುತ್ತವೆ.

ಗಂಡಸರು ಗುಂಡಿಯೊಳಗೆ ಇಳಿದು ಕುಳಿ ಹೊಡೆಯುತ್ತಾರೆ. ಹೆಂಗಸರು ದಪ್ಪ ಕಲ್ಲನ್ನು ಸುತ್ತಿಗೆಯಲ್ಲಿ ಒಡೆದು, ಬಾಂಡ್ಲಿಗೆ ತುಂಬಿ, ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಹೊತ್ತು ಯಂತ್ರದ ಬಾಯಿಗೆ ಸುರಿಯುತ್ತಾರೆ. ಯಂತ್ರ ಕಡಿಯುತ್ತದೆ. ಕಡಿದಾಗ ಎದ್ದ ದೂಳು ಮುಖಕ್ಕೇ ಬರುತ್ತದೆ. ಸೆರಗು ಕಟ್ಟಿಕೊಂಡರೂ ಬರುತ್ತದೆ. ಮುತ್ತಮ್ಮನ ನೆತ್ತಿಯಲ್ಲಿ ಬಾಂಡ್ಲಿ ಕೂರುವ ಜಾಗದಲ್ಲಿ ಕೂದಲಿಲ್ಲ. ಅಲ್ಲಿನ ಚರ್ಮ ಅಂಗಾಲಿನ ಹಾಗೆ ಗಟ್ಟಿ. ಒಂದಕ್ಕೆ ಹೋಗಬೇಕಾದರೆ ಜಲ್ಲಿ ರಾಶಿಯ ಹಿಂದೆ ಕೂರಬೇಕು. ಟಿಪ್ಪರಿನವರು ಎತ್ತರದ ಸೀಟಿನಿಂದ ನೋಡಿ ಹಾರನ್ ಹೊಡೆಯುತ್ತಾರೆ. ಆದ್ದರಿಂದ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಕುಡಿಯಬೇಕೆನಿಸಿದರೂ ಗೌಡರ ಮನೆಯ ಲೋಟ ಅವರಿಗಿಲ್ಲ. ಬೊಗಸೆ ಒಡ್ಡಬೇಕು, ಮೇಲಿನಿಂದ ಸುರಿಯುತ್ತಾರೆ. ಊರಿನಲ್ಲಿ ಎಲ್ಲರ ಕೈಯಲ್ಲೂ ಫೋನಿದೆ. ಬೊಗಸೆ ಹಾಗೇ ಇದೆ.

ಸಂಘ ಹುಟ್ಟಿದ್ದು ಸಣ್ಣಯ್ಯನ ನಂತರ. ಶ್ರೀರಂಗಪಟ್ಟಣದ ಲಾಯರ್ ಕವಿತ ಯಾವುದೋ ಕೂಲಿ ಕೇಸಿಗೆಂದು ಕಾಲೋನಿಗೆ ಬಂದಿದ್ದವಳು, ಬೀದಿ ತುಂಬ ಬೋಳು ಹಣೆಗಳನ್ನು ನೋಡಿ, ಇಷ್ಟೊಂದು ಗಂಡಸರು ಇಷ್ಟು ಚಿಕ್ಕ ವಯಸ್ಸಿಗೆ ಹೇಗೆ ಸತ್ತರು ಎಂದು ಕೇಳಿದಳು. ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅವಳೇ ಓಡಾಡಿ ಸಂಘವನ್ನು ರಿಜಿಸ್ಟರ್ ಮಾಡಿಸಿದಳು. ಕಲ್ಲುಕೆಲಸದ ಹೆಣ್ಣುಮಕ್ಕಳ ಆರೋಗ್ಯ ಸಂಘ ಎಂದು ಕಾಗದದಲ್ಲಿತ್ತು. ಊರಿನವರು ದೂಳು ಸಂಘ ಎಂದರು. ಮುತ್ತಮ್ಮ ಅಧ್ಯಕ್ಷೆ.

ಸಂಘ ಮಾಡಿದ್ದು ಒಂದೇ ಕೆಲಸ. ಕೆಮ್ಮುವವರನ್ನು ಜೀಪಿನಲ್ಲಿ ಕೂರಿಸಿಕೊಂಡು ನಾಗಮಂಗಲದ ಕಡೆಗೆ, ಆದಿಚುಂಚನಗಿರಿ ಆಸ್ಪತ್ರೆಗೆ ಕರೆದೊಯ್ದು ಎದೆಯ ಫೋಟೋ ತೆಗೆಸುವುದು. ಅಲ್ಲಿಯ ಡಾಕ್ಟರು ಇದ್ದದ್ದನ್ನು ಇದ್ದಂತೆ ಬರೆದರು. ಶ್ವಾಸಕೋಶದಲ್ಲಿ ಕಲ್ಲಿನ ಪುಡಿ. ಬೀಡಿಯ ಮಾತೇ ಇರಲಿಲ್ಲ. ಆ ಕಾಗದಗಳನ್ನು ಒಟ್ಟು ಮಾಡಿ ಕವಿತ ಪರಿಹಾರಕ್ಕೆ ಕೇಸು ಹಾಕಿದಳು. ಆಗ ಸಂಘ ಚಲುವರಾಜುವಿನ ಕಣ್ಣಿಗೆ ಬಿತ್ತು.

ಜೀಪಿನ ಬಾಡಿಗೆ, ಫೋಟೋದ ಖರ್ಚು, ಕೋರ್ಟಿನ ಖರ್ಚು ಎಲ್ಲಿಂದ ಬಂತು? ಕೊಟ್ಟವರಿಂದ ಬಂತು. ಶಾಲೆಯಲ್ಲಿ ಬಿಸಿಯೂಟ ಮಾಡುವ ಕುಳ್ಳಮ್ಮ ಕೊಟ್ಟಳು. ಕಬ್ಬು ಕಡಿಯುವವರು ಕೊಟ್ಟರು. ಕೆ.ಆರ್. ಪೇಟೆ ಬಸ್ಸಿನ ಒಬ್ಬ ಕಂಡಕ್ಟರು ಕೊಟ್ಟ. ಕೊಡುವಾಗ ಎಲ್ಲರೂ ಅತ್ತಿತ್ತ ನೋಡಿ ಕೊಟ್ಟರು. ಎಲ್ಲರೂ ಹೇಳಿದ್ದು ಒಂದೇ ಮಾತು. ನನ್ನ ಹೆಸರು ಹೊರಗೆ ಬರಬಾರದು.

ಚಲುವರಾಜು ಕೊಡುವುದು ಬೇರೆ ಥರ. ಬಸ್ ಸ್ಟಾಂಡಿಗೆ ನೆರಳು ಕಟ್ಟಿಸಿದ, ಅದರ ಹಣೆಯ ಮೇಲೆ ಅವನ ಹೆಸರು. ಶಾಲೆಗೆ ಗೇಟು ಕೊಟ್ಟ, ಗೇಟಿನ ಮೇಲೆ ಅವನ ಹೆಸರು. ಗುಡಿಗೆ ಮೆಟ್ಟಿಲು ಹಾಕಿಸಿದ, ಮೊದಲನೆ ಮೆಟ್ಟಿಲ ಮಗ್ಗುಲಿಗೆ ಅವನದೂ ಅವರಪ್ಪನದೂ ಹೆಸರು. ಆ ಅಕ್ಷರಗಳನ್ನು ಕೆತ್ತಿದವನು ಸಣ್ಣಯ್ಯ. ಕೆತ್ತುವಾಗಲೂ ಕೆಮ್ಮುತ್ತಿದ್ದ. ಇನ್ನು ಎಲೆಕ್ಷನ್ ಬಂದಾಗ ಕ್ರಷರಿನ ಆಫೀಸಿನಿಂದ ಬ್ಯಾಗು ಹೊರಟರೆ ಅದನ್ನು ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂದು ಯಾವ ಆಫೀಸೂ ಕೇಳಿದ್ದಿಲ್ಲ.

ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಪಾರ್ವತಮ್ಮ. ಅವಳು ಚಲುವರಾಜುವಿನ ಅತ್ತಿಗೆ. ಗಂಡ ತೀರಿಕೊಂಡ ಮೇಲೆ ಅದೇ ತೊಟ್ಟಿ ಮನೆಯ ಹಿಂಭಾಗದಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ತನ್ನ ಪಾಡಿಗೆ ತಾನಿದ್ದಳು. ಜಮೀನು ಮೈದುನನ ಕೈಲಿ. ಹಾಲಿನ ದುಡ್ಡು ಮಾತ್ರ ಅವಳದು.

ಒಂದು ದಿನ ಸಗಣಿ ಬಾಚಲು ಆಳಿಲ್ಲ ಎಂಬ ನೆವ ಹೇಳಿ ಮುತ್ತಮ್ಮನನ್ನು ಕರೆಸಿದಳು. ಕೊಟ್ಟಿಗೆಯ ಒಳಗೆ, ಎಮ್ಮೆಗಳ ನಡುವೆ ನಿಂತು, ಒದ್ದೆ ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದಳು. ಮುತ್ತಮ್ಮ ಹೆದರಿ ಹಿಂದಕ್ಕೆ ಸರಿದಳು.

"ಯಾಕವ್ವ ನಿಮಗಿದು? ಗೌಡ್ರಿಗೆ ಗೊತ್ತಾದ್ರೆ ನಿಮ್ಮುನ್ನ ಬುಟ್ಟಾರಾ?" ಎಂದಳು.

ಪಾರ್ವತಮ್ಮ ಕೊಟ್ಟಿಗೆಯ ಬಾಗಿಲ ಕಡೆ ನೋಡಿದಳು. "ನಮ್ಮನೆ ಕಲ್ಲುಗೋಡೆ ನಿನ್ ಗಂಡ ಕಟ್ಟಿದ್ದು ಕಣಮ್ಮಿ. ಅಲ್ಲೇ ಗ್ವಾಡೆ ಮಗ್ಗುಲಾಗೆ ಕುಂತು ರಕ್ತ ಉಗುದ. ನಾನು ನೋಡ್ದೆ. ನೀರು ಕೊಡವಾ ಅಂತ ಓದ್ರೆ ನಮ್ ಮೈದ ಲೋಟ ಕಿತ್ಕಂಡು ಚೆಲ್ಬುಟ್ಟ. ನಾನು ಬಾಯಿ ಮುಚ್ಕಂಡು ಒಳಿಕ್ಕೋದೆ. ತಗೋ ಇದ್ನ. ನನ್ ಎಸ್ರು ಮಾತ್ರ ಎಲ್ಲೂ ಬರಬಾರ್ದು. ಬಂದ್ರೆ ನಾನು ಆ ಮನೇಲಿ ಬದುಕಾಕಿಲ್ಲ."

ಮುತ್ತಮ್ಮ ಕೈ ಮುಂದೆ ಚಾಚಿ ಮಾತು ಕೊಟ್ಟಳು. ಪಾರ್ವತಮ್ಮ ಆ ಕೈಯನ್ನು ಹಿಡಿದುಕೊಂಡಳು. ಕೊಪ್ಪಲಿನಲ್ಲಿ ಗೌಡರ ಮನೆಯ ಹೆಂಗಸೊಬ್ಬಳು ಅವಳ ಕೈ ಮುಟ್ಟಿದ್ದು ಅದೇ ಮೊದಲು.

ಕೋರ್ಟಿನಲ್ಲಿ ಕೇಸು ಗಟ್ಟಿಯಾಗುತ್ತಾ ಬಂದ ಹಾಗೆ ಸಂಘದ ಮೇಲೆ ದೂರು ಹೋಯಿತು. ಹೊರದೇಶದ ದುಡ್ಡು, ನಕ್ಸಲರ ದುಡ್ಡು, ಕ್ರಷರ್ ಮುಚ್ಚಿಸಿ ಊರಿನ ಅನ್ನ ಕಸಿಯುವ ಸಂಚು ಎಂದು ದೂರಿನಲ್ಲಿತ್ತು. ಸಂಘಗಳ ದಾಖಲೆ ನೋಡುವ ಆಫೀಸಿನಿಂದ ನೋಟೀಸು ಬಂತು. ಅಲ್ಲಿಯ ಅಧಿಕಾರಿ ರವೀಂದ್ರ ಒರಟು ಮನುಷ್ಯನಲ್ಲ. ಮಾತಿಗೆ ಮುಂಚೆ ನಗುತ್ತಿದ್ದ. ದುಡ್ಡು ಕೊಟ್ಟವರ ಹೆಸರು, ಊರು ಬರೆದುಕೊಡಿ, ಇಲ್ಲದಿದ್ದರೆ ದೂರು ನಿಜ ಎಂದು ತಿಳಿಯಬೇಕಾಗುತ್ತದೆ ಎಂದ.

ಮುತ್ತಮ್ಮ ಆಗುವುದಿಲ್ಲ ಎಂದಳು. ಕವಿತ ಅವಳನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ತಿಳಿಸಿ ಹೇಳಿದಳು. ಲೆಕ್ಕ ನೋಡುವುದಕ್ಕೆ ಸರ್ಕಾರ ಕೇಳಿದರೆ ಕೊಡಲೇಬೇಕು. ಆದರೆ ಸರ್ಕಾರಕ್ಕೆ ಕೊಡುವುದು ಊರಿಗೆ ಕೊಟ್ಟ ಹಾಗಲ್ಲ. ಕೊಟ್ಟವರ ಹೆಸರು ಅವರ ಸ್ವಂತದ ವಿಷಯ. ಬೇರೆ ಯಾರಾದರೂ ಬಂದು ಕೇಳಿದರೆ ಆಫೀಸಿನವರು ಮೊದಲು ನಮಗೆ ತಿಳಿಸಬೇಕು, ನಾವು ಬೇಡ ಎಂದರೆ ತೂಗಿ ನೋಡಬೇಕು, ಸುಮ್ಮಸುಮ್ಮನೆ ಕೊಡುವ ಹಾಗಿಲ್ಲ. ಕಾನೂನಿದೆ ಎಂದಳು. ಕವಿತ ಕಾನೂನನ್ನು ನಂಬಿದವಳು. ಮುತ್ತಮ್ಮ ಕವಿತಳನ್ನು ನಂಬಿದವಳು.

ಹೆಸರುಗಳನ್ನು ಲಕೋಟೆಯಲ್ಲಿ ಹಾಕಿ ಅರಗು ಹಚ್ಚಿ ಕೊಟ್ಟರು. ಇದು ಗುಟ್ಟಿನದು, ಬೇರೆಯವರಿಗೆ ಕೊಡತಕ್ಕದ್ದಲ್ಲ ಎಂದು ಕವಿತ ಮೇಲೆಯೇ ಬರೆದಳು. ರವೀಂದ್ರ ತನ್ನ ಕೈಯಾರೆ ಸಹಿ ಹಾಕಿ ತೆಗೆದುಕೊಂಡ. ಹೆದರಬೇಡಮ್ಮ, ನನ್ನ ಬೀರುವಿನಲ್ಲೇ ಇರುತ್ತದೆ ಎಂದ.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಬೆಳಿಗ್ಗೆ ಡೈರಿಯ ಮುಂದೆ ಜನ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದರು. ಮಂಜುನಾಥ ಬೈಕಿನ ಮೇಲೆ ಕೂತು ಒಂದು ಜೆರಾಕ್ಸ್ ಕಾಗದ ತೆಗೆದು ಜೋರಾಗಿ ಓದತೊಡಗಿದ. ಒಂದೊಂದು ಹೆಸರಿಗೂ ನಿಲ್ಲಿಸಿ ಸುತ್ತ ನೋಡುತ್ತಿದ್ದ. ಕುಳ್ಳಮ್ಮನ ಹೆಸರು ಬಂತು. ಕಂಡಕ್ಟರನ ಹೆಸರು ಬಂತು. ಕೊನೆಗೆ ಪಾರ್ವತಮ್ಮನ ಹೆಸರು ಓದುವಾಗ ಅವನೇ ಒಂದು ಗಳಿಗೆ ತಡವರಿಸಿದ. ಪಾರ್ವತಮ್ಮ ಅದೇ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿದ್ದಳು. ಕ್ಯಾನು ಅಲ್ಲೇ ಇಟ್ಟು ಮನೆಯ ಕಡೆ ನಡೆದಳು.

ಮಧ್ಯಾಹ್ನದೊಳಗೆ ಆ ಕಾಗದ ಎಲ್ಲರ ಫೋನಿನಲ್ಲಿತ್ತು. ಮೂಲೆಯಲ್ಲಿ ಆಫೀಸಿನ ದುಂಡು ಸೀಲು ಎದ್ದು ಕಾಣುತ್ತಿತ್ತು.

ಕುಳ್ಳಮ್ಮನನ್ನು ಶಾಲೆಯ ಅಡಿಗೆಯಿಂದ ತೆಗೆದರು. ಸಾರಿನಲ್ಲಿ ಹುಳ ಬಂದಿತ್ತು ಎಂಬ ಕಾರಣ ಕೊಟ್ಟರು. ಅವಳು ಸೀದಾ ಮುತ್ತಮ್ಮನ ಗುಡಿಸಲಿಗೆ ಬಂದು ಬಾಗಿಲಲ್ಲಿ ನಿಂತು ಬೈದಳು. ನಿನ್ನ ನಾಲಿಗೆಗೆ ಹುಳ ಬೀಳಲಿ, ಬಡವಳ ತಟ್ಟೆ ಕಿತ್ತುಕೊಂಡೆಯಲ್ಲ ಎಂದಳು. ಮುತ್ತಮ್ಮ ನಿಂತು ಕೇಳಿಸಿಕೊಂಡಳು. ನಾನು ಕೊಟ್ಟದ್ದು ಸರ್ಕಾರಕ್ಕೆ ಎಂದು ಹೇಳಲು ಬಾಯಿ ತೆರೆದಳು. ಆ ಮಾತು ಅವಳ ಕಿವಿಗೇ ಅಸಹ್ಯವಾಗಿ ಕೇಳಿಸಿ ಮುಚ್ಚಿದಳು. ಕಂಡಕ್ಟರನನ್ನು ಹಂಪಾಪುರದ ಹತ್ತಿರ ಯಾರೋ ಬಸ್ಸಿನಿಂದ ಇಳಿಸಿ ಹೊಡೆದರು ಎಂದು ಸುದ್ದಿ ಬಂತು. ಅವನು ಮತ್ತೆ ಆ ರೂಟಿನಲ್ಲಿ ಕಾಣಿಸಲಿಲ್ಲ.

ಪಾರ್ವತಮ್ಮನಿಗೆ ಏನಾಯಿತು ಎಂಬುದು ತೊಟ್ಟಿ ಮನೆಯ ಒಳಗಿನ ಮಾತು. ಹೊರಗೆ ಕಂಡದ್ದು ಇಷ್ಟು. ಅವಳ ಎರಡು ಎಮ್ಮೆಗಳು ಸಂತೆಗೆ ಹೋದವು. ಹಿತ್ತಲ ಬಾಗಿಲಿಗೆ ಬೀಗ ಬಿತ್ತು. ಡೈರಿಯಲ್ಲಿ ಅವಳ ಕ್ಯಾನು ಬಹಳ ದಿನ ಒಂದು ಮೂಲೆಯಲ್ಲಿ ಬಿದ್ದಿತ್ತು, ಆಮೇಲೆ ಯಾರೋ ಎತ್ತಿಕೊಂಡು ಹೋದರು.

ಮುತ್ತಮ್ಮ ಕೆಲಸಕ್ಕೆ ಹೋದಾಗ ಮಂಜುನಾಥ ಗೇಟಿನಲ್ಲೇ ತಡೆದ. ಅವಳ ಸಿಂಬೆಯನ್ನು ತಲೆಯಿಂದ ಕಿತ್ತು ನೆಲಕ್ಕೆ ಎಸೆದು ಬೂಟುಗಾಲಿನಲ್ಲಿ ತುಳಿದ. ಒಳಗೆ ಬಾಂಡ್ಲಿ ಹೊತ್ತು ನಿಂತಿದ್ದ ಹೆಂಗಸರೆಲ್ಲ ನೋಡುತ್ತಿದ್ದರು. ಕಲ್ಲು ತುಂಬಿದ ಬಾಂಡ್ಲಿಯ ಕೆಳಗೆ ಕುತ್ತಿಗೆ ತಿರುಗುವುದಿಲ್ಲ. ಕಣ್ಣು ಮಾತ್ರ ತಿರುಗುತ್ತದೆ. ಆ ಕಣ್ಣುಗಳ ಮುಂದೆ ಅವಳು ಬಗ್ಗಿ ತುಳಿದ ಸಿಂಬೆಯನ್ನು ಎತ್ತಿಕೊಂಡು, ಕೊಡವಿ, ವಾಪಸು ನಡೆದಳು.

ಕೆಲವು ದಿನಗಳಾದ ಮೇಲೆ ರವೀಂದ್ರನ ಆಫೀಸಿನಿಂದ ಇನ್ನೊಂದು ನೋಟೀಸು ಬಂತು. ಈ ಸಲ ದೂರು ಕೊಟ್ಟವಳು ಪಾರ್ವತಮ್ಮ. ನಾನು ಈ ಸಂಘಕ್ಕೆ ಒಂದು ಕಾಸನ್ನೂ ಕೊಟ್ಟಿಲ್ಲ, ನನ್ನ ಹೆಸರನ್ನು ಮುತ್ತಮ್ಮ ಸುಳ್ಳುಸುಳ್ಳೇ ಬರೆದುಕೊಂಡು ನಮ್ಮ ಮನೆತನದ ಮಾನ ಕಳೆದಿದ್ದಾಳೆ ಎಂದು ಬರೆದು ಸಹಿ ಹಾಕಿದ್ದಳು. ಕವಿತ ಅದನ್ನು ಓದಿ ಹೇಳಿದಾಗ ಮುತ್ತಮ್ಮ ಬಗ್ಗಿ ಕಾಗದವನ್ನು ನೋಡಿದಳು. ಆಮೇಲೆ, ಸಹಿ ನಡುಗಿದ ಹಾಗಿದೆಯಾ ಎಂದು ಕೇಳಿದಳು. ಕವಿತ ಹೌದು ಎಂದಳು.

ಕವಿತಳಿಗೆ ಹೆದರಿಕೆ ಇರಲಿಲ್ಲ. ಯಾಕೆಂದರೆ ಮುತ್ತಮ್ಮನ ಫೋನಿನಲ್ಲಿ ಪಾರ್ವತಮ್ಮ ಹಿಂದೆ ಕಳಿಸಿದ್ದ ಒಂದು ಮಾತು ಹಾಗೇ ಉಳಿದಿತ್ತು. ಕೊಟ್ಟ ದುಡ್ಡು ಜೀಪಿಗೆ ಸಾಲದಿದ್ದರೆ ಹೇಳು, ಮುಂದಿನ ವಾರ ಇನ್ನಷ್ಟು ಕೊಡುತ್ತೇನೆ, ನನ್ನ ಹೆಸರು ಮಾತ್ರ ಹೇಳಬೇಡ ಎಂದು ಅವಳದೇ ದನಿಯಲ್ಲಿ. ಅದನ್ನು ಒಂದು ಸಲ ಕೇಳಿಸಿಬಿಟ್ಟರೆ ಸುಳ್ಳು ಯಾರದು ಎಂದು ಗೋಡೆಗೂ ಗೊತ್ತಾಗುತ್ತದೆ, ಸಂಘ ಉಳಿಯುತ್ತದೆ ಎಂದಳು ಕವಿತ.

ವಿಚಾರಣೆಯ ದಿನ ಮುತ್ತಮ್ಮ ಚಿನಕುರಳಿಗೆ ನಡೆದು ಬಂದು ಬಸ್ಸು ಹಿಡಿದಳು. ಆಫೀಸಿನಲ್ಲಿ ಚಲುವರಾಜು ಮೊದಲೇ ಬಂದು ಕೂತಿದ್ದ. ಅವನಿಗೆ ಕುರ್ಚಿ ಹಾಕಿದ್ದರು. ಕಾಫಿ ಕುಡಿಯುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಪಾರ್ವತಮ್ಮ. ಮುತ್ತಮ್ಮ ಗೋಡೆಗೆ ನಿಂತಳು. ಕವಿತ ಅವಳಿಗೂ ಕುರ್ಚಿ ಕೇಳಿದಳು. ಜವಾನ ಕುರ್ಚಿ ಖಾಲಿ ಇಲ್ಲ ಎಂದ.

ಮೊದಲು ಕವಿತ ಕೇಳಿದಳು. ಮುಚ್ಚಿದ ಲಕೋಟೆಯಲ್ಲಿ ಕೊಟ್ಟ ಹೆಸರುಗಳು ಡೈರಿಯ ಮುಂದೆ ಓದುವುದಕ್ಕೆ ಹೇಗೆ ಹೋದವು, ಯಾರು ಕೊಟ್ಟರು, ಜೆರಾಕ್ಸಿನ ಮೇಲೆ ನಿಮ್ಮದೇ ಸೀಲಿದೆಯಲ್ಲ ಎಂದಳು. ರವೀಂದ್ರ ನಕ್ಕ. ಆ ವಿಷಯ ಇವತ್ತಿನ ವಿಚಾರಣೆಯಲ್ಲಿ ಇಲ್ಲ ಎಂದ. ಇವತ್ತಿನದು, ಈ ಹೆಣ್ಣುಮಗಳ ಹೆಸರನ್ನು ಸುಳ್ಳು ಬರೆದದ್ದು. ಅಷ್ಟೇ.

ಮುತ್ತಮ್ಮ ಪಾರ್ವತಮ್ಮನ ಕಡೆ ನೋಡಿದಳು. ಸೆರಗನ್ನು ತಲೆಯ ಮೇಲಿಂದ ಕೆನ್ನೆಯವರೆಗೆ ಎಳೆದುಕೊಂಡಿದ್ದಳು. ಬಿಳಿಚಿದ ಕೈ ಮಡಿಲಲ್ಲಿತ್ತು. ಮಣಿಕಟ್ಟಿನ ಸುತ್ತ ಹಗ್ಗ ಬಿಗಿದ ಹಾಗೆ ನೀಲಿಗಟ್ಟಿತ್ತು. ಅವಳು ತಲೆ ಎತ್ತಲಿಲ್ಲ. ಎಡಗಡೆಯ ಕಿವಿ ಕಾಣುತ್ತಿತ್ತು. ಓಲೆ ಇರಲಿಲ್ಲ. ಓಲೆಯ ತೂತು ಕೆಳಕ್ಕೆ ಹರಿದು, ಒಣಗಿ ಕಪ್ಪಾಗಿತ್ತು.

"ಹೇಳಮ್ಮ, ಇವರು ನಿಮಗೆ ದುಡ್ಡು ಕೊಟ್ಟಿದ್ರಾ, ಇಲ್ವಾ?" ಎಂದ ರವೀಂದ್ರ.

ಕವಿತ ಮುತ್ತಮ್ಮನ ಫೋನನ್ನು ಮೇಜಿನ ಮೇಲಿಟ್ಟಳು. ನಮ್ಮ ಹತ್ತಿರ ಪುರಾವೆ ಇದೆ ಸಾರ್ ಎಂದಳು. ಆ ಮಾತಿಗೆ ಪಾರ್ವತಮ್ಮ ಸೆರಗನ್ನು ಇನ್ನೂ ಮುಂದಕ್ಕೆ ಎಳೆದುಕೊಂಡಳು. ಚಲುವರಾಜು ಕಾಫಿ ಲೋಟ ಕೆಳಗಿಟ್ಟು ಅತ್ತಿಗೆಯ ಕಡೆ ತಿರುಗಿದ. ಎಮ್ಮೆ ಕೊಳ್ಳುವವನು ಎಮ್ಮೆಯನ್ನು ನೋಡುವ ಹಾಗೆ ನೋಡಿದ.

ಇವನಿಗೆ ಬೇಕಾದದ್ದು ಇದೇ ಎಂದು ಮುತ್ತಮ್ಮನಿಗೆ ಆಗ ಹೊಳೆಯಿತು. ಪುರಾವೆ ಕೊಡದಿದ್ದರೆ ಸಂಘ ಸಾಯುತ್ತದೆ. ಕೊಟ್ಟರೆ ಈ ಹೆಂಗಸು ಸಾಯುತ್ತಾಳೆ. ಎರಡರಲ್ಲಿ ಯಾವುದಾದರೂ ಅವನಿಗೆ ಲಾಭವೇ. ಇನ್ನು ಮುಂದೆ ಕೊಪ್ಪಲಿನಲ್ಲಿ ಯಾರೂ ಯಾರಿಗೂ ಏನನ್ನೂ ಕೊಡಬಾರದು. ಅದಕ್ಕಾಗಿ ಈ ಕುರ್ಚಿ, ಈ ಕಾಫಿ, ಈ ವಿಚಾರಣೆ.

ಅವಳು ಗೋಡೆ ಬಿಟ್ಟು ಮುಂದೆ ಬಂದಳು. ಮೇಜಿನ ಮೇಲಿದ್ದ ಫೋನನ್ನು ಎತ್ತಿಕೊಂಡಳು. ಸುತ್ತಿಗೆ ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳಿಗೆ ಆ ಗಾಜು ಬೇಗ ಓಗೊಡುವುದಿಲ್ಲ. ಎಲ್ಲರೂ ನೋಡುತ್ತಿರುವಂತೆಯೇ ಒತ್ತಿದಳು, ಮತ್ತೆ ಒತ್ತಿದಳು. ಏನು ಮಾಡುತ್ತಿದ್ದಾಳೆ ಎಂದು ಕವಿತಳಿಗೆ ತಿಳಿಯುವ ಹೊತ್ತಿಗೆ ಪಾರ್ವತಮ್ಮನ ದನಿ ಫೋನಿನಲ್ಲಿ ಇರಲಿಲ್ಲ.

"ಪುರಾವೆ ಇಲ್ಲ ಸ್ವಾಮಿ," ಎಂದಳು ಮುತ್ತಮ್ಮ. "ಯಾರ್ ಕೊಟ್ರು, ಯಾರ್ ಕೊಡನಿಲ್ಲ ಅಂತ ನನ್ ಬಾಯಿಂದ ಬರಾಕಿಲ್ಲ. ಒಂದ್ಸಲ ನಿಮ್ಮುನ್ನ ನಂಬಿ ಬರ್ಕೊಟ್ಟೊ. ನೀವು ಮಾರ್ಕಂಡ್ರಿ. ಇನ್ನೊಂದ್ಸಲ ಕೊಡಾಕಿಲ್ಲ."

ರವೀಂದ್ರನ ನಗು ನಿಂತಿತು. ಹಾಗಾದರೆ ಈ ಹೆಸರನ್ನು ನೀವೇ ಸುಳ್ಳು ಬರೆದಿರಿ ಎಂದು ನಾನು ದಾಖಲು ಮಾಡಬೇಕಾಗುತ್ತದೆ, ಸಂಘದ ರಿಜಿಸ್ಟ್ರೇಷನ್ ಹೋಗುತ್ತದೆ, ನಿಮ್ಮ ಮೇಲೆ ಕೇಸಾಗುತ್ತದೆ, ತಿಳಿಯಿತಾ ಎಂದ.

"ಅಂಗೇ ಬರ್ಕಳಿ."

"ಕಳ್ಳಿ ಅಂತ ಬರೀತೀನಿ ಕಣಮ್ಮ."

"ಬರ್ಕಳಿ. ನನ್ ಗಂಡ ಬೀಡಿ ಸೇದಿ ಸತ್ತ ಅಂತಲೂ ಬರದವ್ರೆ. ನೀವು ಬರ್ದಿದ್ದೆಲ್ಲಾ ನಿಜ ಆಯ್ತದೆ. ನಮ್ದು ಯಾವುದಾಯ್ತದೆ?"

ಚಲುವರಾಜು ಎದ್ದ. ನಡೀರಿ ಅತ್ತಿಗೆ ಎಂದ. ಪಾರ್ವತಮ್ಮ ಎದ್ದು ಬಾಗಿಲ ಕಡೆ ಹೊರಟಳು. ಮುತ್ತಮ್ಮನ ಮುಂದೆ ಹಾದು ಹೋಗುವಾಗ ಅವಳ ಹೆಜ್ಜೆ ತಡವಾಯಿತು. ಕಾರಿನ ಬಾಗಿಲು ಹಾಕಿಕೊಂಡ ಸದ್ದು ಒಳಗೆ ಕೇಳಿಸಿತು.

ಕವಿತ ಬಸ್ ಸ್ಟಾಂಡಿನವರೆಗೂ ಜೊತೆಗೆ ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಗೆಲ್ಲುವ ಕೇಸನ್ನು ಕೈಯಾರೆ ಕೊಂದಿರಿ ಅಕ್ಕ ಎಂದಳು ಕೊನೆಗೆ. ಮುತ್ತಮ್ಮ, ಹೌದವ್ವ ಎಂದಳು.

ಸಂಘದ ರಿಜಿಸ್ಟ್ರೇಷನ್ ರದ್ದಾಯಿತು. ಮುತ್ತಮ್ಮನ ಮೇಲೆ ಮೋಸದ ಕೇಸು ದಾಖಲಾಯಿತು. ಸಂಘದ ಕಾಗದಗಳಿಗೇ ಬೆಲೆಯಿಲ್ಲ ಎಂದು ಹೇಳಿ ಕ್ರಷರಿನ ಲಾಯರು ಪರಿಹಾರದ ಕೇಸಿಗೆ ವಾಯಿದೆಯ ಮೇಲೆ ವಾಯಿದೆ ತೆಗೆದುಕೊಂಡ. ಜೀಪು ಬರುವುದು ನಿಂತಿತು.

ಕಾಲೋನಿಯ ಹೆಂಗಸರು ಅವಳನ್ನು ಹೊಗಳಲಿಲ್ಲ. ಅವರಲ್ಲೊಬ್ಬಳು ಮಾಯಮ್ಮ, ಅವಳ ಗಂಡ ಆಗ ಮಲಗಿದಲ್ಲೇ ಇದ್ದ. ಉಸಿರು ಎಳೆದರೆ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಮಾಯಮ್ಮ ನಲ್ಲಿಯ ಹತ್ತಿರ ಬಿಂದಿಗೆ ಕುಕ್ಕಿ, ಎಲ್ಲರಿಗೂ ಕೇಳುವಂತೆ ಅಂದಳು.

"ಗೌಡ್ರ ಮನೆ ಎಂಗ್ಸು ಮಾನ ಕಾಯಾಕ್ಕೆ ನಮ್ ಗಂಡುಸ್ರ ಉಸ್ರು ಕೊಟ್ಬುಟ್ಯಲ್ಲ ಮುತ್ತಿ. ಆಯಮ್ಮ ನಿನ್ ಮ್ಯಾಲೆ ಕಳ್ಳಿ ಅಂತ ಬರ್ಕೊಟ್ಲು. ನೀನು ಅವ್ಳುನ್ನ ಕಾಪಾಡ್ದೆ. ಈಗ ನನ್ ಗಂಡುನ್ನ ಯಾರು ಕರ್ಕಂಡೋದಾರು?"

ಮುತ್ತಮ್ಮನಿಗೆ ಉತ್ತರ ಗೊತ್ತಿತ್ತು. ಒಂದು ಹೆಸರು ಹೇಳಿ ಇವತ್ತು ಗೆದ್ದಿದ್ದರೆ, ನಾಳೆ ನಮಗೆ ಕೊಡುವವರು ಯಾರಿರುತ್ತಿದ್ದರು ಎಂದು ಕೇಳಬಹುದಿತ್ತು. ಆದರೆ ಮಾಯಮ್ಮನ ಮುಖ ನೋಡಿದರೆ ಆ ನಾಳೆಗೆ ಏನು ಬೆಲೆ ಎಂದು ಅವಳಿಗೇ ಅನುಮಾನವಾಯಿತು. ಬಿಂದಿಗೆ ತುಂಬಿಸಿಕೊಂಡು ಮನೆಗೆ ಬಂದಳು. ಮಾರನೆಯ ದಿನ ಮಾಯಮ್ಮನ ಗಂಡನನ್ನು ಕಬ್ಬಿನ ಟ್ರಾಕ್ಟರಿನ ಮೇಲೆ ಮಲಗಿಸಿಕೊಂಡು ತಾನೇ ಜೊತೆಗೆ ಹೋದಳು. ತೊಣ್ಣೂರಿನ ಏರಿ ದಾಟುವಾಗಲೇ ಅವನ ಎದೆ ಏಳುವುದು ನಿಂತಿತು. ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಇಬ್ಬರೂ ವಾಪಸು ಬಂದರು. ದಾರಿಯಲ್ಲಿ ಮಾಯಮ್ಮ ಅಳಲಿಲ್ಲ, ಬೈಯಲಿಲ್ಲ. ಮುತ್ತಮ್ಮನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಕ್ರಷರ್ ನಡೆಯುತ್ತಿತ್ತು. ಮುತ್ತಮ್ಮನನ್ನು ಸುತ್ತಲಿನ ಯಾವ ಕ್ರಷರಿನವರೂ ಸೇರಿಸಲಿಲ್ಲ. ಅವಳು ಕಬ್ಬಿನ ಗದ್ದೆಯಲ್ಲಿ ಸೋಗೆ ಸುಲಿಯುವ ಕೂಲಿಗೆ ಹೋದಳು. ಸೋಗೆಯ ಅಂಚು ಬ್ಲೇಡಿನ ಹಾಗೆ. ಸಂಜೆ ಮುಂಗೈಯೆಲ್ಲ ಗೀರು. ಬೆವರು ತಾಗಿದರೆ ಉರಿಯುತ್ತಿತ್ತು.

ಅಲ್ಲಿಗೇ ಕವಿತ ಹುಡುಕಿಕೊಂಡು ಬಂದಳು. ಬದುವಿನ ಮೇಲೆ ಸ್ಕೂಟಿ ನಿಲ್ಲಿಸಿ, ಸೋಗೆಯ ರಾಶಿ ದಾಟಿ ಬಂದು, ಒಂದು ಲಕೋಟೆ ತೆಗೆದಳು. ವಿಚಾರಣೆಗೂ ಮುಂಚೆ ಅವಳು ಸಂಘದ ಪರವಾಗಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದ್ದಳು. ನಾವು ಮುಚ್ಚಿ ಕೊಟ್ಟ ಹೆಸರುಗಳನ್ನು ನಿಮ್ಮ ಆಫೀಸಿನಿಂದ ತೆಗೆದುಕೊಂಡವರು ಯಾರು, ಕೊಟ್ಟವರು ಯಾರು ಎಂದು ಕೇಳಿದ್ದಳು. ಈಗ ಉತ್ತರ ಬಂದಿತ್ತು.

ಮುತ್ತಮ್ಮ ಕುಡುಗೋಲು ಕೆಳಗಿಟ್ಟು ಓದು ಎಂದಳು. ಕವಿತ ಓದಿದಳು.

"ತಾವು ಕೋರಿರುವ ಮಾಹಿತಿಯು ಮೂರನೆಯ ವ್ಯಕ್ತಿಯ ವೈಯಕ್ತಿಕ ಮಾಹಿತಿಯಾಗಿದ್ದು, ಸದರಿಯವರ ಖಾಸಗಿತನಕ್ಕೆ ಧಕ್ಕೆಯಾಗುವುದರಿಂದ ಕಾನೂನಿನ ಪ್ರಕಾರ ಅದನ್ನು ನೀಡಲು ಬರುವುದಿಲ್ಲ."

ಅರ್ಥವಾಗಲಿಲ್ಲ ಎಂದು ಮುತ್ತಮ್ಮ ಹೇಳಿದಳು. ಕವಿತ ಇನ್ನೊಂದು ಸಲ, ಆಡುಮಾತಿನಲ್ಲಿ ಹೇಳಿದಳು. ಹೆಸರು ಕದ್ದವರ ಹೆಸರು ಹೇಳುವುದಿಲ್ಲವಂತೆ. ಹೇಳಿದರೆ ಅವರಿಗೆ ತೊಂದರೆಯಾಗುತ್ತದಂತೆ. ಕಾನೂನು ಬಿಡುವುದಿಲ್ಲವಂತೆ.

ಮುತ್ತಮ್ಮ ಗೀರುಬಿದ್ದ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಅಂಗಾದ್ರೆ ನೀನು ಯೋಳಿದ್ದು ಸುಳ್ಳಲ್ಲ ಕಣವ್ವ," ಎಂದಳು. "ಕಾನೂನು ಅದೆ. ಅವ್ರ ಮನೇಲದೆ."

ಕವಿತ ಕಾಗದವನ್ನು ಮಡಿಚಿದಳು. ಇದರ ಮೇಲೆ ಮೇಲಿನವರಿಗೆ ದೂರು ಕೊಡಬಹುದು ಅಕ್ಕ, ಬಿಡಬಾರದು, ಆದರೆ ಸಂಘ ರದ್ದಾಗಿದೆ, ದೂರನ್ನು ಈಗ ಯಾರಾದರೂ ಒಬ್ಬರ ಹೆಸರಿನಲ್ಲೇ ಕೊಡಬೇಕು, ಹೆಸರು ಹಾಕಿದವರನ್ನು ಅವರು ಸುಮ್ಮನೆ ಬಿಡುವುದಿಲ್ಲ ಎಂದಳು.

"ನನ್ ಎಸ್ರು ಬರಿ," ಎಂದಳು ಮುತ್ತಮ್ಮ. "ಮುತ್ತಮ್ಮ. ಗಂಡ ಸಣ್ಣಯ್ಯ, ದೂಳು ಕುಡ್ದು ಸತ್ತೋನು. ಭೋವಿ ಕಾಲೋನಿ, ಕರಿಬೋರೆ ಕೊಪ್ಪಲು. ಎಲ್ಲಾ ಬರಿ. ದಪ್ಪ ಅಕ್ಸರದಾಗೆ ಬರಿ. ಮರೆ ಮಾಡು ಅಂತ ನಾನೇನು ಕೇಳಾಕಿಲ್ಲ. ನಮ್ ಎಸ್ರುಗೆ ಯಾವತ್ತಿದ್ದಾತು ಮರೆ?"

ಕವಿತ ಸ್ಕೂಟಿಯ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ಬರೆಯತೊಡಗಿದಳು. ಮುತ್ತಮ್ಮ ಕೆಮ್ಮಿದಳು. ಕೆಮ್ಮು ಬೇಗ ನಿಲ್ಲಲಿಲ್ಲ. ಬಗ್ಗಿ ಬದುವಿನ ಮೇಲೆ ಉಗುಳಿ, ಕಾಲಿನಿಂದ ಮಣ್ಣು ಸರಿಸಿ ಮುಚ್ಚಿ, ಕುಡುಗೋಲು ಎತ್ತಿಕೊಂಡು ಮತ್ತೆ ಕಬ್ಬಿನ ಸಾಲಿಗೆ ನಡೆದಳು.